ಹನ್ನೆರಡು ಮಾರ್ಕಿನ ಚಂದಾ, ಒಬ್ಬ ವಿದುಷಿಯ ಚಿತ್ರಸಂಗ್ರಹ

ಓದುಗರ ಪ್ರಶ್ನೆ, ನಮ್ಮ ಉತ್ತರ

ಜರ್ಮನಿಯ ಆಧುನಿಕ ಚಿತ್ರಕಲೆಗೆ ಆಸರೆಯಾಗಿ ನಿಂತ ಕಲಾ ಇತಿಹಾಸಕಾರ್ತಿ ಡಾ. ರೋಸಾ ಶಪೀರೆ (1874–1954) ಅವರ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಒಂದು ಪುಟದ ಪರಿಚಯ ಬಂದಿತ್ತು. ಕಾರ್ಲ್ ಶ್ಮಿಟ್-ರೊಟ್ಲುಫ್ ಎಂಬ ಕಲಾವಿದರ ಕೃತಿಗಳನ್ನು ಅವರು ವರ್ಷಗಟ್ಟಲೆ ಕೂಡಿಸಿಟ್ಟು, 1939ರಲ್ಲಿ ಇಂಗ್ಲೆಂಡಿಗೆ ಪಾರುಮಾಡಿದ ಸಂಗತಿ ಅದರಲ್ಲಿತ್ತು. ಅದನ್ನೋದಿ ದಾವಣಗೆರೆ, ಚಿತ್ರದುರ್ಗ ಸೀಮೆಯ ಓದುಗರು ಬರೆದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ ಕೊಟ್ಟಿದ್ದೇವೆ.

ಶಪೀರೆ ಹಣವಂತರಲ್ಲ ಎಂದು ಬರೆದಿದ್ದೀರಿ. ಹಾಗಿದ್ದರೆ ಅಷ್ಟು ಚಿತ್ರಗಳು ಅವರ ಮನೆಗೆ ಬಂದದ್ದು ಹೇಗೆ?
— ಇತಿಹಾಸ ಉಪನ್ಯಾಸಕರು, ದಾವಣಗೆರೆ

ಚಂದಾ ಕಟ್ಟಿ, ಲೇಖನ ಬರೆದು, ಬಂದ ಕಾಗದಗಳನ್ನೆಲ್ಲ ಎತ್ತಿಟ್ಟು. ಈ ಮೂರರಲ್ಲಿ ಹಣದ ಪಾಲು ತೀರ ಚಿಕ್ಕದು.

ಶಪೀರೆ ಹುಟ್ಟಿದ್ದು ಈಗ ಯುಕ್ರೇನಿನಲ್ಲಿರುವ ಬ್ರೋಡಿ ಪಟ್ಟಣದಲ್ಲಿ. 1904ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಕಲಾ ಇತಿಹಾಸದ ಡಾಕ್ಟರೇಟ್ ಪಡೆದರು. ಆ ವಿಷಯದಲ್ಲಿ ಡಾಕ್ಟರೇಟ್ ಪಡೆದ ಮೊದಮೊದಲ ಹೆಂಗಸರಲ್ಲಿ ಅವರೂ ಒಬ್ಬರು. ಆದರೂ ಕಾಯಂ ಹುದ್ದೆ ದಕ್ಕಲಿಲ್ಲ. ಹ್ಯಾಂಬರ್ಗ್‌ನಲ್ಲಿ ನೆಲೆಸಿ ಉಪನ್ಯಾಸ, ವಿಮರ್ಶೆ, ಅನುವಾದಗಳಿಂದ ಹೊಟ್ಟೆ ಹೊರೆದರು.

ಇತ್ತ 1905ರ ಜೂನ್ 7ರಂದು ಡ್ರೆಸ್ಡೆನ್‌ನಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ನಾಲ್ವರು ಹುಡುಗರು ‘ಬ್ರ್ಯೂಕೆ’, ಅಂದರೆ ‘ಸೇತುವೆ’ ಎಂಬ ಬಳಗ ಕಟ್ಟಿದ್ದರು: ಕಿರ್ಶ್‌ನರ್, ಹೆಕೆಲ್, ಬ್ಲೈಲ್, ಶ್ಮಿಟ್-ರೊಟ್ಲುಫ್. ಚಿತ್ರ ಬರೆಯದ ರಸಿಕರೂ ಅದರಲ್ಲಿ ಸದಸ್ಯರಾಗಬಹುದಿತ್ತು. ಮೊದಲಿಗೆ ವರ್ಷಕ್ಕೆ 12 ಮಾರ್ಕ್, ಆಮೇಲೆ 25. ಪ್ರತಿಯಾಗಿ ಕಲಾವಿದರೇ ಕೆತ್ತಿದ ಸದಸ್ಯತ್ವದ ಚೀಟಿ, ವರ್ಷದ ವರದಿ ಮತ್ತು ಮೂರ್ನಾಲ್ಕು ಮೂಲ ಅಚ್ಚುಚಿತ್ರಗಳ (ಹಲಗೆ, ಕಲ್ಲು ಇಲ್ಲವೇ ತಗಡಿಗೆ ಮಸಿ ಹಚ್ಚಿ ಕಾಗದಕ್ಕೆ ಒತ್ತಿ ತೆಗೆದ ಚಿತ್ರಗಳ) ಒಂದು ಕೋಶ, ಅಂದರೆ ಹೊದಿಕೆಯೊಳಗಿಟ್ಟ ಕಟ್ಟು, ಮನೆಗೆ ಬರುತ್ತಿತ್ತು. ಶಪೀರೆ 1907ರಲ್ಲಿ ಸದಸ್ಯರಾದರು. 1909ರ ಕೋಶ ಪೂರ್ತಿ ಶ್ಮಿಟ್-ರೊಟ್ಲುಫ್ ಅವರದು. ಅದರ ಹೊದಿಕೆಯನ್ನು ಕಿರ್ಶ್‌ನರ್ ಕೆತ್ತಿದ್ದರು. ಇಂದು ಸಂಗ್ರಹಾಲಯಗಳು ಗಾಜಿನ ಹಿಂದಿಟ್ಟು ಕಾಯುವ ಹಾಳೆಗಳು ಅವು.

ಅಂಚೆ ಕಾರ್ಡುಗಳ ಪಾಲೂ ದೊಡ್ಡದು. ಕಲಾವಿದರು ಊರೂರು ಸುತ್ತುವಾಗ ಕಾರ್ಡಿನ ಮೇಲೆ ಮಸಿಯಲ್ಲೋ ಬಣ್ಣದ ಸೀಮೆಸುಣ್ಣದಲ್ಲೋ ಒಂದು ಚಿತ್ರ ಗೀಚಿ ಶಪೀರೆಗೆ ಹಾಕುತ್ತಿದ್ದರು. ಅಂಗೈಯಗಲದ ಕಾರ್ಡು, ಒಂದು ಕಡೆ ಚಿತ್ರ, ಇನ್ನೊಂದು ಕಡೆ ವಿಳಾಸ, ಸ್ಟ್ಯಾಂಪು, ಅಂಚೆ ಮೊಹರು. ಮೊಹರಿನಲ್ಲಿ ತಾರೀಖು, ಊರು ಎರಡೂ ಇರುವುದರಿಂದ ಯಾವ ಚಿತ್ರ ಎಲ್ಲಿ, ಯಾವಾಗ ಹುಟ್ಟಿತೆಂಬುದಕ್ಕೆ ಅದೇ ಪುರಾವೆ. ಬೇರೆ ಯಾರೇ ಆಗಿದ್ದರೂ ಓದಿ ಬಿಸಾಡಿಬಿಡಬಹುದಾಗಿದ್ದ ಕಾಗದವನ್ನು ಅವರು ಜೋಪಾನ ಮಾಡಿದರು.

ಅವರೂ ಬರಿದೇ ಪಡೆದವರಲ್ಲ. 1916ರಲ್ಲಿ ಕಲಾಪೋಷಕಿ ಇಡಾ ಡೇಮೆಲ್ ಜೊತೆಗೂಡಿ, ಹೊಸ ಚಿತ್ರಗಳನ್ನು ಕೊಂಡು ಸಂಗ್ರಹಾಲಯಗಳಿಗೆ ಕೊಡಲೆಂದು ಹೆಂಗಸರದೇ ಒಂದು ಸಂಘ ಕಟ್ಟಿದರು. 1924ರಲ್ಲಿ ಶ್ಮಿಟ್-ರೊಟ್ಲುಫ್ ಅವರ ಅಚ್ಚುಚಿತ್ರಗಳ ಸಮಗ್ರ ಪಟ್ಟಿ ಪ್ರಕಟಿಸಿದರು. ಶ್ಮಿಟ್-ರೊಟ್ಲುಫ್ ಶಪೀರೆಗೆ ಆಭರಣ ಮಾಡಿಕೊಟ್ಟರು, 1921ರಲ್ಲಿ ಅವರ ಮನೆಯ ಒಂದು ಕೋಣೆಯನ್ನು ಪೀಠೋಪಕರಣದ ಸಮೇತ ತಾವೇ ರೂಪಿಸಿದರು. ವಿದ್ವತ್ತಿಗೆ ಚಿತ್ರ, ಚಿತ್ರಕ್ಕೆ ವಿದ್ವತ್ತು: ಕೊಡುಕೊಳ್ಳುವಿಕೆ ನಡೆದದ್ದು ಹೀಗೆ.

ನಾವು ಹನ್ನೆರಡು ಜನ ಸ್ನೇಹಿತರು ಸೇರಿ ನಮ್ಮೂರಿನ ದೃಶ್ಯಕಲಾ ಕಾಲೇಜಿನಲ್ಲಿ ಕಲಿತ ಯುವ ಕಲಾವಿದರಿಗೆ ಇಂಥದೇ ಚಂದಾ ಯೋಜನೆ ಮಾಡಬಹುದೇ? ಲೆಕ್ಕ ಹೇಗೆ?
— ಬ್ಯಾಂಕ್ ನೌಕರರು, ದಾವಣಗೆರೆ

ಖಂಡಿತ ಮಾಡಬಹುದು, ಮಾಡಬೇಕು. ಒಂದು ಮಾದರಿ ಲೆಕ್ಕ ಕೊಡುತ್ತೇವೆ. ದರ ನಿಮ್ಮ ಅನುಕೂಲಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

ತಲೆಗೆ ವರ್ಷಕ್ಕೆ 2,500 ರೂಪಾಯಿಯಂತೆ 12 ಜನರಿಂದ 30,000. ವರ್ಷಕ್ಕೆ ಒಬ್ಬರೇ ಕಲಾವಿದರು, ನಾಲ್ಕು ಅಚ್ಚುಚಿತ್ರ. ಪ್ರತಿ ಚಿತ್ರಕ್ಕೆ ಸದಸ್ಯರ 12 ಪ್ರತಿ, ಕಲಾವಿದರ 3 ಪ್ರತಿ, ಕಾಲೇಜಿನ ಸಂಗ್ರಹಕ್ಕೆ 1 ಪ್ರತಿ, ಒಟ್ಟು 16. ನಾಲ್ಕು ಚಿತ್ರಕ್ಕೆ 64. 56×76 ಸೆಂ.ಮೀ. ಹಾಳೆಯನ್ನು ನಾಲ್ಕು ಮಾಡಿದರೆ 16 ಪೂರ್ಣ ಹಾಳೆ ಸಾಕು. ಆದರೆ ಮೊದಲ ಕೆಲವು ಪ್ರತಿಗಳಲ್ಲಿ ಮಸಿ ಸಮ ಕೂರುವುದಿಲ್ಲ, ಅಂಚಿಗೆ ಬೆರಳಿನ ಗುರುತೂ ಬೀಳುತ್ತದೆ. ಆದ್ದರಿಂದ 20 ಹಾಳೆ ತನ್ನಿ. ಹಾಳೆಗೆ 200 ರೂಪಾಯಿ ಹಿಡಿದರೂ 4,000. ಮಸಿ, ಲಿನೋ (ಕೆತ್ತಲು ಬರುವ ಮೆತ್ತನೆಯ ಹಾಸು) ಅಥವಾ ಮರದ ಹಲಗೆ, ಕೋಶದ ರಟ್ಟು ಸೇರಿ ಇನ್ನೊಂದು 5,000. ಉಳಿದ 21,000 ಕಲಾವಿದರ ಸಂಭಾವನೆ. ಅದರಲ್ಲಿ ಅರ್ಧ ಮುಂಗಡ, ಅರ್ಧ ಕೋಶ ಕೈಸೇರಿದ ದಿನ.

ಕಾಗದ ಹತ್ತಿಯದೇ ಆಗಲಿ. ಹತ್ತಿ ಮಿಲ್ಲುಗಳಿಂದ ಬೆಳೆದ ಊರಿನವರಿಗೆ ಹತ್ತಿಯ ಬಾಳಿಕೆ ಬಿಡಿಸಿ ಹೇಳಬೇಕಾಗಿಲ್ಲ. ಮರದ ತಿರುಳಿನ ಅಗ್ಗದ ಕಾಗದ ಹತ್ತಿಪ್ಪತ್ತು ವರ್ಷದಲ್ಲೇ ಹಳದಿಗಟ್ಟುತ್ತದೆ.

ಇಂಥ ಯೋಜನೆ ಕೆಡುವುದು ಬಹಳ ಸಲ ಮನಸ್ತಾಪದಿಂದ. ಬ್ರ್ಯೂಕೆಯ 1912ರ ಕೋಶ ಬಳಗದ ಇನ್ನೊಬ್ಬ ಕಲಾವಿದ ಪೆಖ್‌ಸ್ಟೈನ್ ಅವರದಾಗಬೇಕಿತ್ತು. ಅದೇ ವರ್ಷ ಅವರನ್ನು ಬಳಗದಿಂದ ಹೊರಹಾಕಿದರು, ಕೋಶ ಸದಸ್ಯರ ಕೈಸೇರಲೇ ಇಲ್ಲ. 1913ರಲ್ಲಿ ಬಳಗವೇ ಮುರಿಯಿತು. ನೀವು ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ಪ್ರತಿ, ಅಚ್ಚಾದ ಮೇಲೆ ಹಲಗೆ ಏನು ಮಾಡುವುದು (ಅಡ್ಡ ಗೀರಿ ರದ್ದು ಮಾಡುವುದು ವಾಡಿಕೆ), ಕಲಾವಿದರು ನಡುವೆ ಬಿಟ್ಟರೆ ಮುಂಗಡದ ಗತಿಯೇನು. ಯಾವ ಚಿತ್ರ ಬೇಕೆಂದು ಸದಸ್ಯರು ಅಪ್ಪಣೆ ಕೊಡಕೂಡದು. ದೇವರ ಪಟವೋ ನಿಸರ್ಗದೃಶ್ಯವೋ ಬೇಕೆಂದರೆ ಅದು ಗಿರಾಕಿತನ, ಆಶ್ರಯವಲ್ಲ.

ಇಂಥ ಚಿತ್ರಗಳು ಆ ಕಾಲದಲ್ಲಿ ಭಾರತಕ್ಕೆ ಬಂದಿದ್ದವೇ?
— ಪದವಿ ವಿದ್ಯಾರ್ಥಿನಿ, ಹೊಳಲ್ಕೆರೆ

ಬಂದಿದ್ದವು. 1922ರ ಡಿಸೆಂಬರಿನಲ್ಲಿ ಕಲ್ಕತ್ತೆಯ ಇಂಡಿಯನ್ ಸೊಸೈಟಿ ಆಫ್ ಓರಿಯೆಂಟಲ್ ಆರ್ಟ್‌ನ ಪ್ರದರ್ಶನದಲ್ಲಿ ಜರ್ಮನಿಯ ಬೌಹೌಸ್ ಎಂಬ ಕಲೆ-ವಿನ್ಯಾಸ ಶಾಲೆಯ ಕ್ಲೇ, ಕ್ಯಾಂಡಿನ್‌ಸ್ಕಿ, ಫೈನಿಂಗರ್, ಇಟ್ಟೆನ್ ಮೊದಲಾದವರ ಕೃತಿಗಳು ಇದ್ದವು. ಅದೇ ಪ್ರದರ್ಶನದಲ್ಲಿ ಗಗನೇಂದ್ರನಾಥ ಠಾಕೂರರ ಚಿತ್ರಗಳೂ ಇದ್ದವು. ಇದಕ್ಕೆ ಪತ್ರ ಬರೆದು ಏರ್ಪಾಡು ಮಾಡಿದವರು ಸ್ಟೆಲ್ಲಾ ಕ್ರಾಮ್‌ರಿಶ್. ವಿಯೆನ್ನಾದಲ್ಲಿ ಓದಿ, ರವೀಂದ್ರನಾಥರ ಕರೆಗೆ ಶಾಂತಿನಿಕೇತನಕ್ಕೆ ಬಂದಿದ್ದ ವಿದುಷಿ ಅವರು.

ಅಜ್ಜನ ಪೆಟ್ಟಿಗೆಯಲ್ಲಿ ಜರ್ಮನ್ ಹೆಸರಿನ ಒಂದು ಕಪ್ಪು-ಬಿಳುಪು ಮರಕೆತ್ತನೆ ಚಿತ್ರ ಸಿಕ್ಕಿದೆ. ಮೂಲವೋ, ಪುಸ್ತಕದಿಂದ ಕತ್ತರಿಸಿದ್ದೋ ತಿಳಿಯುವುದು ಹೇಗೆ?
— ನಿವೃತ್ತ ಶಿಕ್ಷಕರು, ಚಿತ್ರದುರ್ಗ

ಮೊದಲು ಕೈ ತೊಳೆದು ಒರೆಸಿಕೊಳ್ಳಿ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ತನ್ನಿ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದೂ ಆಗುತ್ತದೆ.

ಬೂದು ಭಾಗ ನೋಡಿ. ಸಾಲುಸಾಲು ಚುಕ್ಕೆ ಕಂಡರೆ ಅದು ಪುಸ್ತಕದ ಮುದ್ರಣ. ಮರದ ಅಚ್ಚಿನಲ್ಲಿ ಬೂದು ಎಂಬುದೇ ಇರುವುದಿಲ್ಲ: ಮಸಿ ಇದೆ ಅಥವಾ ಇಲ್ಲ. ಒತ್ತುವಾಗ ಮಸಿ ಅಂಚಿಗೆ ಸರಿದು ಅಲ್ಲಿ ತುಸು ದಪ್ಪಗೆ ಕಟ್ಟಿರುತ್ತದೆ, ನಡುವೆ ಮರದ ಎಳೆ ತೆಳ್ಳಗೆ ಕಾಣಬಹುದು. ಆಮೇಲೆ ಕೋಣೆ ಕತ್ತಲು ಮಾಡಿ, ಟಾರ್ಚನ್ನು ಹಾಳೆಯ ಮಟ್ಟಕ್ಕೆ ಹಿಡಿದು ಓರೆಯಾಗಿ ಬೆಳಕು ಬಿಡಿ. ಹಾಳೆಯ ಬೆನ್ನಲ್ಲಿ ಗೆರೆಗಳು ಉಬ್ಬಿರುವುದು ಗೊತ್ತಾದರೆ ಹಲಗೆಯಿಂದ ಒತ್ತಿದ್ದು ಎಂಬುದಕ್ಕೆ ಒಳ್ಳೆಯ ಸೂಚನೆ. ಪೆನ್ಸಿಲ್ ಸಹಿಯಾದರೆ ಓರೆ ಬೆಳಕಿಗೆ ಸೀಸ ಮಿಂಚುತ್ತದೆ. ಅಚ್ಚಾದ ಸಹಿ ಮಿಂಚುವುದಿಲ್ಲ.

ಸಹಿ ಇಲ್ಲವೆಂದು ತಳ್ಳಿಹಾಕಬೇಡಿ. ಆ ಕಾಲದಲ್ಲಿ ಮೂಲ ಮರಕೆತ್ತನೆಗಳನ್ನು ಪತ್ರಿಕೆಗಳಲ್ಲೂ ಸೇರಿಸುತ್ತಿದ್ದರು, ಅವಕ್ಕೆ ಸಹಿ ಇರದಿರುವುದೇ ಹೆಚ್ಚು. 1/50 ಎಂದು ಸಂಖ್ಯೆ ಹಾಕುವುದೂ ಆಗ ಕಟ್ಟುನಿಟ್ಟಿನ ಪದ್ಧತಿಯಾಗಿರಲಿಲ್ಲ. ಸಹಿ ಇದ್ದ ಮಾತ್ರಕ್ಕೆ ಮೂಲವೆಂದೂ ನಂಬಬೇಡಿ. ಅಚ್ಚು ನಿಜ, ಸಹಿ ಖೋಟಾ ಇರುವುದುಂಟು. ಬೆನ್ನಲ್ಲಿ ಮೊಹರು, ಪೆನ್ಸಿಲಿನ ಸಂಖ್ಯೆ, ಅಂಗಡಿಯ ಚೀಟಿ ಏನಿದ್ದರೂ ಅಳಿಸದೆ, ಕೀಳದೆ ಫೋಟೋ ತೆಗೆಯಿರಿ.

ನೀವು ಬರೆದ ವರ್ಣನೆಯಲ್ಲಿ, ಹಾಳೆ ತುಂಬ ಒಂದು ದೊಡ್ಡ ಮುಖ, ಹಣೆಯ ಮೇಲೆ ‘1918’, ಒಂದು ಕಣ್ಣು ಮುಚ್ಚಿದಂತಿದೆ, ಕೆಳಗೆ ಜರ್ಮನ್ ಸಾಲು ಎಂದಿದೆ. ಅದು ಶ್ಮಿಟ್-ರೊಟ್ಲುಫ್ ಅವರ ಹೆಸರಾಂತ ಕೃತಿಯ ಲಕ್ಷಣ. ‘ಕ್ರಿಸ್ತ ನಿಮಗೆ ಕಾಣಿಸಿಕೊಳ್ಳಲಿಲ್ಲವೇ’ ಎಂಬುದು ಆ ಸಾಲಿನ ಅರ್ಥ. ಯುದ್ಧದಿಂದ ಮರಳಿದ ಮೇಲೆ ಅವರು ಕೆತ್ತಿದ ಒಂಬತ್ತು ಮರಕೆತ್ತನೆಗಳ ಕೋಶದಲ್ಲಿ ಇದೂ ಒಂದು. ಬಹಳ ಹೆಸರಾದ ಕೃತಿಯಾದ್ದರಿಂದ ಪುಸ್ತಕಗಳಲ್ಲಿ ಲೆಕ್ಕವಿಲ್ಲದಷ್ಟು ಸಲ ಅಚ್ಚಾಗಿದೆ, ಹಾಗಾಗಿ ಚುಕ್ಕೆಯ ಪರೀಕ್ಷೆ ಮೊದಲು ಮಾಡಿ. ಅದರಲ್ಲಿ ಗೆದ್ದರೆ ಮಾತ್ರ ಹಾಳೆ ಅಳೆದು ಮೂಲದ ಅಳತೆಯೊಂದಿಗೆ ಹೋಲಿಸಿ.

ಗೋಡೆಗೆ ಹಾಕಿದ ಅಚ್ಚುಚಿತ್ರಗಳು ಮೂರೇ ವರ್ಷದಲ್ಲಿ ಅಲೆಅಲೆಯಾಗಿ ಉಬ್ಬಿವೆ, ಅಂಚು ಕಂದಾಗಿದೆ, ಗಾಜಿನೊಳಗೇ ಮಸಿಯಂಥ ಧೂಳು ಸೇರಿದೆ. ಮನೆ ಮಂಡಕ್ಕಿ ಭಟ್ಟಿಗಳ ಹತ್ತಿರವಿದೆ.
— ಗೃಹಿಣಿ, ದಾವಣಗೆರೆ

ಮೂರು ತೊಂದರೆಗೂ ಮೂಲ ಒಂದೇ, ಫ್ರೇಮ್ ಹಾಕಿದ ರೀತಿ. ಭಟ್ಟಿಯ ಹೊಗೆ ಅದನ್ನು ಬೇಗ ಬಯಲು ಮಾಡಿತು, ಅಷ್ಟೆ.

ಉಬ್ಬಿರುವುದಕ್ಕೆ ಕಾರಣ, ಹಾಳೆಯ ನಾಲ್ಕೂ ಅಂಚನ್ನು ಅಂಟಿಸಿರುವುದು. ಏಪ್ರಿಲ್‌ನಲ್ಲಿ ನಮ್ಮ ಸೀಮೆಯ ಗಾಳಿ ಹಪ್ಪಳದಂತೆ ಒಣಗುತ್ತದೆ, ಮಳೆ ಹಿಡಿದರೆ ಕಾಗದ ತೇವ ಹೀರಿ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಾಗ ನಡುವೆ ಏಳುತ್ತದೆ. ಅಂಚು ಕಂದಾಗಿರುವುದು ಮೌಂಟ್ ಬೋರ್ಡಿನ (ಚಿತ್ರದ ಸುತ್ತ ಇಡುವ ರಟ್ಟಿನ) ಒಳತಿರುಳಿನ ಆಮ್ಲದಿಂದ. ಬೆನ್ನಿಗಿಟ್ಟ ಹಾರ್ಡ್‌ಬೋರ್ಡ್, ಹಳೆ ಪೇಪರ್ ಕೂಡ ಅದೇ ಕೆಲಸ ಮಾಡುತ್ತವೆ. ಧೂಳು ಬಂದದ್ದು ಬೆನ್ನು ಮುಚ್ಚದ್ದರಿಂದ.

ಬಿಚ್ಚುವಾಗ ಚಿತ್ರವನ್ನು ಕೆಳಮುಖವಾಗಿ ಮೃದುವಾದ ಬಟ್ಟೆಯ ಮೇಲಿಟ್ಟು ಮೊಳೆ ಕೀಳಿ. ಹಾಳೆ ಬೋರ್ಡಿಗೆ ಫೆವಿಕಾಲ್‌ನಿಂದ ಅಂಟಿದ್ದರೆ ಅಲ್ಲಿಗೇ ನಿಲ್ಲಿಸಿ. ಅದು ಒಣಗಿದ ಮೇಲೆ ನೀರಿಗೆ ಸುಲಭವಾಗಿ ಬಿಡುವುದಿಲ್ಲ, ಎಳೆದರೆ ಕಾಗದದ ಪದರವೇ ಕಿತ್ತುಬರುತ್ತದೆ. ಬೆಲೆಬಾಳುವ ಕೃತಿಯಾದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿರುವ, ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನ ಕಲಾ ಸಂರಕ್ಷಣಾ ಕೇಂದ್ರದವರನ್ನು ಕೇಳಿ. ಇಸ್ತ್ರಿಪೆಟ್ಟಿಗೆ ಮಾತ್ರ ಮುಟ್ಟಿಸಬೇಡಿ. ಅಚ್ಚಿನ ಉಬ್ಬು ಶಾಶ್ವತವಾಗಿ ಸತ್ತುಹೋಗುತ್ತದೆ. ಮಸಿಧೂಳನ್ನು ಮೆತ್ತನೆಯ ಕುಂಚದಿಂದ ಒಂದೇ ದಿಕ್ಕಿಗೆ ಸವರಿ ತೆಗೆಯಿರಿ. ರಬ್ಬರಿನಿಂದ ಉಜ್ಜಿದರೆ ಎಣ್ಣೆಯಂಶದ ಮಸಿ ಎಳೆಯೊಳಗೆ ಇಳಿದುಬಿಡುತ್ತದೆ.

ಮತ್ತೆ ಫ್ರೇಮ್ ಹಾಕಿಸುವಾಗ ಅಂಗಡಿಯವರ ಪಕ್ಕ ನಿಂತು ಮಾಡಿಸಿ. ನೂರಕ್ಕೆ ನೂರು ಹತ್ತಿಯ ಬೋರ್ಡು ಎರಡು ಬೇಕು, ಒಂದು ಬೆನ್ನಿಗೆ, ಇನ್ನೊಂದು ಚಿತ್ರ ಕಾಣಲು ನಡುವೆ ಕೊರೆಯುವ ಕಿಟಕಿಗೆ, ತಲಾ ಒಂದೂವರೆಯಿಂದ ಎರಡು ಮಿ.ಮೀ. ದಪ್ಪ. ಕಿಟಕಿ ಚಿತ್ರಕ್ಕಿಂತ ಸುತ್ತ 5 ಮಿ.ಮೀ. ದೊಡ್ಡದಿರಲಿ, ಸಹಿ ಇರುವ ಕೆಳಗಡೆ ಇನ್ನೂ ಹೆಚ್ಚು. ಹಾಳೆ ಮೇಲಂಚಿನ ಎರಡೇ ಕಡೆ, ಜಪಾನೀ ಕಾಗದದ ಎರಡು ಚಿಕ್ಕ ಪಟ್ಟಿಗಳಿಂದ ತೂಗಾಡಬೇಕು. ಸೆಲ್ಲೋಟೇಪ್ ಬೇಡ. ಅದರ ಅಂಟು ಕಂದಾಗಿ ಕಾಗದದೊಳಗೆ ಇಳಿದರೆ ತೆಗೆಯುವುದು ತಜ್ಞರಿಗೂ ಕಷ್ಟ.

ಅಂಟು ಮನೆಯಲ್ಲೇ ಮಾಡಬಹುದು. ಗೋಧಿ ಹಾಲಿನ ಹಲ್ವಾ ಮಾಡುವವರಿಗೆ ಗೊತ್ತು: ನೆನೆಸಿದ ಗೋಧಿ ರುಬ್ಬಿ ಸೋಸಿದ ಹಾಲನ್ನು ಇಡೀ ರಾತ್ರಿ ಬಿಟ್ಟರೆ ತಳದಲ್ಲಿ ಬೆಳ್ಳಗಿನ ಪಿಷ್ಟ ಕೂರುತ್ತದೆ. ಮೇಲಿನ ನೀರು ಎರಡು ಮೂರು ಸಲ ಬಸಿದು, ಹೊಸ ನೀರು ಹಾಕಿ, ಪಿಷ್ಟವನ್ನಷ್ಟೇ ಉಳಿಸಿಕೊಂಡು ಒಣಗಿಸಿ. ಒಂದು ಚಮಚ ಪಿಷ್ಟಕ್ಕೆ ಐದು ಚಮಚ ನೀರು. ಸಣ್ಣ ಉರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಕೈಬಿಡದೆ ತಿರುವಿ, ಅರೆಪಾರದರ್ಶಕವಾದಾಗ ಇಳಿಸಿ, ಆರಿಸಿ, ತೆಳು ಬಟ್ಟೆಯಲ್ಲಿ ಹಿಂಡಿ. ಎರಡು ಮೂರು ದಿನದೊಳಗೆ ಬಳಸಿ, ಹುಳಿ ವಾಸನೆ ಬಂದರೆ ಚೆಲ್ಲಿ. ಮೈದಾ ಅಂಟಿನಲ್ಲಿ ಪಿಷ್ಟದ ಜೊತೆ ಗೋಧಿಯ ಜಿಗುಟೂ ಇರುವುದರಿಂದ ಹಳದಿಗಟ್ಟುತ್ತದೆ, ಹುಳವನ್ನೂ ಕರೆಯುತ್ತದೆ. ಬೈಂಡಿಂಗಿನವರು ಹುಳ ಬಾರದಿರಲೆಂದು ಬೆರೆಸುವ ಮೈಲುತುತ್ತ ಕಾಗದವನ್ನು ಕೆಡಿಸುತ್ತದೆ, ಅದೂ ಬೇಡ.

ಗಾಜು ಚಿತ್ರಕ್ಕೆ ತಾಕದಂತೆ 3 ಮಿ.ಮೀ. ಅಂತರ ಬಿಡಿಸಿ. ಬೆನ್ನನ್ನು ಪೂರ್ತಿ ಮುಚ್ಚಿಸಿ. ಫ್ರೇಮಿನ ಕೆಳಮೂಲೆಗಳಿಗೆ ಬಿರಡೆಯ (ಕಾರ್ಕ್) ಚಿಕ್ಕ ತುಂಡು ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿಯಾಡುತ್ತದೆ. ಮಧ್ಯಾಹ್ನದ ಬಿಸಿಲು ಕಾಯುವ ಪಡುಗೋಡೆ, ಅಡುಗೆಮನೆಯ ಎದುರು, ದೇವರ ದೀಪದ ಮೇಲ್ಭಾಗ ಬೇಡ. ಕಾಗದದ ಕೃತಿಗೆ 50 ಲಕ್ಸ್ (ಬೆಳಕಿನ ಅಳತೆಯ ಮಾನ) ಬೆಳಕು ಸಾಕು. ಫೋನಿನ ಆ್ಯಪ್‌ನಲ್ಲಿ ಅಂದಾಜು ಸಿಗುತ್ತದೆ. ವರ್ಷದಲ್ಲಿ ಮೂರ್ನಾಲ್ಕು ತಿಂಗಳು ಗೋಡೆಯ ಮೇಲೆ, ಉಳಿದ ಕಾಲ ಪೆಟ್ಟಿಗೆಯಲ್ಲಿ.

‘ಶಪೀರೆ ಸಂಖ್ಯೆ’ ಎಂದರೇನು? ನನ್ನ ಗುರುಗಳ ಲಿನೋ ಚಿತ್ರಗಳಿಗೂ ಅಂಥ ಪಟ್ಟಿ ಮಾಡಬೇಕೆಂದಿದ್ದೇನೆ.
— ಕಲಾ ಶಿಕ್ಷಕಿ, ಹರಿಹರ

ಶಪೀರೆ ತಮ್ಮ 1924ರ ಪಟ್ಟಿಯಲ್ಲಿ ಪ್ರತಿ ಅಚ್ಚುಚಿತ್ರಕ್ಕೂ ಒಂದು ಸಂಖ್ಯೆ ಕೊಟ್ಟರು. ಮರಕೆತ್ತನೆ, ಕಲ್ಲಚ್ಚು, ಎಚಿಂಗ್ (ಆಮ್ಲದಿಂದ ಕೊರೆದ ತಗಡಿನ ಅಚ್ಚು) ಇವುಗಳಿಗೆ ಬೇರೆಬೇರೆ ಸಾಲು. ಇಂದಿಗೂ ಸಂಗ್ರಹಾಲಯದ ಚೀಟಿಯಲ್ಲಿ, ಹರಾಜಿನ ಪಟ್ಟಿಯಲ್ಲಿ ಆ ಸಂಖ್ಯೆಯನ್ನೇ ಕೊಡುತ್ತಾರೆ. ಹ್ಯಾಂಬರ್ಗ್‌ನ ನ್ಯಾಯಾಧೀಶ ಗುಸ್ತಾಫ್ ಶೀಫ್ಲರ್ ಇದೇ ಸೇವೆಯನ್ನು ಮುಂಕ್, ನೋಲ್ಡೆ, ಕಿರ್ಶ್‌ನರ್ ಎಂಬ ಕಲಾವಿದರಿಗೆ ಮಾಡಿದ್ದರು.

ಗುರುಗಳು ಇರುವಾಗಲೇ ಶುರು ಮಾಡಿ. ಪ್ರತಿ ಚಿತ್ರಕ್ಕೆ ಒಂದು ಹಾಳೆ: ಸಂಖ್ಯೆ, ಹೆಸರು, ವರ್ಷ, ಅಚ್ಚಿನ ಅಳತೆ, ಕಾಗದದ ಅಳತೆ, ಎಷ್ಟು ಪ್ರತಿ, ಯಾವ ಕಾಗದ, ಬ್ಲಾಕ್ ಎಲ್ಲಿದೆ, ಯಾವ ಪ್ರತಿ ಯಾರ ಬಳಿ. ಅಳತೆ ಮಿ.ಮೀ.ನಲ್ಲಿ, ಎತ್ತರ ಮೊದಲು, ಅಗಲ ಆಮೇಲೆ. ಇದನ್ನು ಅದಲುಬದಲು ಮಾಡಿದರೆ ನಿಂತ ಚಿತ್ರ ಮಲಗುತ್ತದೆ. ಬಣ್ಣದ ಲಿನೋದಲ್ಲಿ ಒಂದೇ ಬ್ಲಾಕನ್ನು ಕೆತ್ತುತ್ತ ಹೋಗಿದ್ದರೆ ಪ್ರತಿ ಹಂತವನ್ನೂ ಬೇರೆ ಬರೆಯಿರಿ. ವರ್ಷವನ್ನು ನೆನಪಿನಿಂದ ಹೇಳಿದರೆ ‘ಕಲಾವಿದರ ನೆನಪು’ ಎಂದು, ಆಹ್ವಾನಪತ್ರಿಕೆಯಿಂದ ಸಿಕ್ಕಿದ್ದರೆ ಹಾಗೆಂದು ಗುರುತಿಸಿ. ನೆನಪು ಮೂರ್ನಾಲ್ಕು ವರ್ಷ ಹಿಂದುಮುಂದಾಗುವುದು ಸಹಜ. ಆಮೇಲೆ ಸಿಕ್ಕಿದ ಚಿತ್ರವನ್ನು ‘14ಅ’ ಎಂದು ಸೇರಿಸಿ, ಹಳೆಯ ಸಂಖ್ಯೆ ಎಂದೂ ಬದಲಿಸಬೇಡಿ. ಹಾಳೆಯ ಬೆನ್ನಲ್ಲಿ ಸಂಖ್ಯೆ ಬರೆಯಲು 2ಬಿ ಪೆನ್ಸಿಲ್, ಮೂಲೆಯಲ್ಲಿ, ಹಗುರ ಕೈಯಲ್ಲಿ. ಬಾಲ್‌ಪೆನ್ ಮುಂಬದಿಗೆ ಮೂಡುತ್ತದೆ.

ಈ ಕಲಾವಿದರ ಚಿತ್ರ ಹಾಕಿ ಕ್ಯಾಲೆಂಡರ್ ಮಾಡಿ ಮಾರಬಹುದೇ?
— ಮುದ್ರಣಾಲಯದ ಮಾಲೀಕರು, ಚಳ್ಳಕೆರೆ

ನಮ್ಮ ಕಾನೂನಿನಲ್ಲಿ ಕಲಾವಿದರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಕಿರ್ಶ್‌ನರ್ 1938ರಲ್ಲಿ ತೀರಿಕೊಂಡರು, ಅವರ ಚಿತ್ರಗಳಿಗೆ ತಡೆಯಿಲ್ಲ. ಹೆಕೆಲ್ 1970, ಶ್ಮಿಟ್-ರೊಟ್ಲುಫ್ 1976. ಇವರ ಹಕ್ಕು ಕ್ರಮವಾಗಿ 2030 ಮತ್ತು 2036ರ ಕೊನೆಯವರೆಗೆ ಇದೆ, ಮಾರಾಟಕ್ಕೆ ಅನುಮತಿ ಬೇಕು. ಚಿತ್ರ ನಿಮ್ಮ ಗೋಡೆಯಲ್ಲಿದ್ದರೂ ಹಕ್ಕು ನಿಮ್ಮದಾಗುವುದಿಲ್ಲ.

ನನ್ನ ತಂದೆಯ ಸಂಗ್ರಹವನ್ನು ಒಂದು ಸಂಸ್ಥೆಗೆ ಕೊಡಬೇಕೆಂದಿದ್ದೇವೆ. ಕೊಟ್ಟರೆ ಉಳಿಯುತ್ತದೆಯೇ? ಆ ಜರ್ಮನ್ ಸಂಗ್ರಹಗಳು ಏನಾದವು?
— ವಕೀಲರು, ಚಿತ್ರದುರ್ಗ

ಮೂರು ವಿದ್ವಾಂಸರ ಸಂಗ್ರಹಗಳ ಗತಿ ನೋಡಿ.

ಯೇನಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬೊಟೊ ಗ್ರೇಫ್ ಅವರು ಕಿರ್ಶ್‌ನರ್‌ಗೆ ಬೆನ್ನೆಲುಬಾಗಿದ್ದವರು. 1917ರಲ್ಲಿ ಅವರು ತೀರಿಕೊಂಡಾಗ ಅವರ ನೆನಪಿಗೆ ಕಿರ್ಶ್‌ನರ್ ತಮ್ಮ ಇನ್ನೂರಕ್ಕೂ ಹೆಚ್ಚು ಕಾಗದದ ಕೃತಿಗಳನ್ನು ಊರಿನ ಕಲಾಸಂಘಕ್ಕೆ ದಾನ ಕೊಟ್ಟರು. 1937ರಲ್ಲಿ ನಾಜಿ ಸರ್ಕಾರ ಅದನ್ನು ‘ಕೀಳು ಕಲೆ’ ಎಂದು ಜಪ್ತಿ ಮಾಡಿತು. ಆ ವರ್ಷ ಸಂಗ್ರಹಾಲಯಗಳಿಂದ ಶ್ಮಿಟ್-ರೊಟ್ಲುಫ್ ಒಬ್ಬರದೇ 608 ಕೃತಿ ಎತ್ತಿಕೊಂಡು ಹೋದರು. ಸಾರ್ವಜನಿಕ ಸಂಸ್ಥೆಯಲ್ಲಿದ್ದದ್ದೇ ಮುಳುವಾಯಿತು.

ಫ್ರಾಂಕ್‌ಫರ್ಟ್‌ನ ರಸಾಯನಶಾಸ್ತ್ರಜ್ಞ ಡಾ. ಕಾರ್ಲ್ ಹಾಗೆಮಾನ್ 1940ರಲ್ಲಿ ಟ್ರ್ಯಾಮ್ ಅಪಘಾತದಲ್ಲಿ ತೀರಿಕೊಂಡರು. ಅಲ್ಲಿನ ಶ್ಟೇಡೆಲ್ ಸಂಗ್ರಹಾಲಯದ ನಿರ್ದೇಶಕ ಎರ್ನ್ಸ್ಟ್ ಹೋಲ್ಟ್ಸಿಂಗರ್, ನಿಷೇಧವಿದ್ದ ಆ ಚಿತ್ರಗಳನ್ನು ಸಂಗ್ರಹಾಲಯದ ಸ್ವಂತ ಕೃತಿಗಳ ಜೊತೆ ಮರೆಮಾಡಿ ಉಳಿಸಿದರು. 1948ರಲ್ಲಿ ಮನೆಯವರು ಆ ಉಪಕಾರ ನೆನೆದು ಕಾಗದದ ಕೃತಿಗಳಲ್ಲಿ ಬಹುಪಾಲನ್ನು ಶ್ಟೇಡೆಲ್‌ಗೇ ಕೊಟ್ಟರು.

ಯಹೂದಿಯಾಗಿದ್ದ ಶಪೀರೆ 1939ರ ಆಗಸ್ಟ್‌ನಲ್ಲಿ, ಯುದ್ಧ ಶುರುವಾಗಲು ಇನ್ನು ಕೆಲವೇ ದಿನವಿರುವಾಗ, ಇಂಗ್ಲೆಂಡಿಗೆ ದಾಟಿದರು. ಹಣ ಒಯ್ಯಲು ಬಿಡಲಿಲ್ಲ, ಚಿತ್ರಗಳನ್ನು ಒಯ್ದರು. ಹ್ಯಾಂಬರ್ಗ್‌ನಲ್ಲೇ ಉಳಿದ ಗ್ರಂಥಗಳು, ಪೀಠೋಪಕರಣಗಳು ಹರಾಜಾದವು. ಲಂಡನ್ನಿನಲ್ಲಿ ಜರ್ಮನ್ ಚಿತ್ರಗಳನ್ನು ಕೇಳುವವರಿರಲಿಲ್ಲ. 1953ರಲ್ಲಿ ಲೆಸ್ಟರ್ ನಗರದ ಸಂಗ್ರಹಾಲಯ ಅವರ ಸಂಗ್ರಹದಿಂದ ಶ್ಮಿಟ್-ರೊಟ್ಲುಫ್ ಪ್ರದರ್ಶನ ಮಾಡಿತು. 1954ರ ಫೆಬ್ರವರಿ 1ರಂದು ಲಂಡನ್ನಿನ ಟೇಟ್ ಗ್ಯಾಲರಿ ಎಂಬ ಕಲಾ ಸಂಗ್ರಹಾಲಯದಲ್ಲಿದ್ದಾಗಲೇ ಶಪೀರೆ ಕುಸಿದು ತೀರಿಕೊಂಡರು. ಶ್ಮಿಟ್-ರೊಟ್ಲುಫ್ 1919ರಲ್ಲಿ ಬರೆದ ಅವರ ಭಾವಚಿತ್ರ ಇಂದು ಅದೇ ಟೇಟ್‌ನಲ್ಲಿದೆ. ಉಳಿದವು ಬ್ರಿಟಿಷ್ ಮ್ಯೂಸಿಯಂ, ಲೆಸ್ಟರ್ ಮೊದಲಾದ ಕಡೆ ಹಂಚಿಹೋದವು. ಒಂದೇ ಕಡೆ ಕೊಡದೆ ಹಂಚಿದ್ದು ಒಳ್ಳೆಯದಾಯಿತೆಂದೇ ನಮ್ಮ ಅಭಿಪ್ರಾಯ.

ಇಲ್ಲಿ ನಿಮಗೆ ಕೆಲಸಕ್ಕೆ ಬರುವುದು ಇಷ್ಟು. ಕೊಡುವ ಮೊದಲು ಆ ಸಂಸ್ಥೆಯ ಉಗ್ರಾಣ ನೋಡಿ ಬನ್ನಿ. ಸಭಾಂಗಣ ಚೆನ್ನಾಗಿದ್ದು ಉಗ್ರಾಣದ ಚಾವಣಿ ಸೋರುತ್ತಿದ್ದರೆ ಕೊಡಬೇಡಿ. ದಾನಪತ್ರಕ್ಕೆ ಪ್ರತಿ ಕೃತಿಯ ಫೋಟೋ, ಅಳತೆ, ಈಗಿನ ಸ್ಥಿತಿಯ ಪಟ್ಟಿ ಲಗತ್ತಿಸಿ, ಪುಟಪುಟಕ್ಕೂ ಇಬ್ಬರ ಸಹಿ ಇರಲಿ. ಮಾರಬಾರದು, ಬೇಡವಾದರೆ ಮೊದಲು ಮನೆಯವರಿಗೆ ತಿಳಿಸಬೇಕು, ಓದುವವರು ಕೇಳಿದರೆ ತೋರಿಸಬೇಕು ಎಂಬ ಮೂರು ಷರತ್ತು ಬರೆಸಿ. ‘ಸದಾ ಗೋಡೆಯ ಮೇಲೇ ಇರಬೇಕು’ ಎಂಬ ಷರತ್ತು ಹಾಕಬೇಡಿ, ಬೆಳಕಿಗೆ ಚಿತ್ರ ಹಾಳಾಗುತ್ತದೆ. ತಂದೆಯವರ ಪತ್ರ, ರಸೀದಿ, ಆಹ್ವಾನಪತ್ರಿಕೆಗಳನ್ನೂ ಜೊತೆಗೇ ಕೊಡಿ, ಕೊಡುವ ಮುಂಚೆ ಸ್ಕ್ಯಾನ್ ಮಾಡಿದ ಒಂದು ಪ್ರತಿ ಮನೆಯಲ್ಲಿಟ್ಟುಕೊಳ್ಳಿ. ಒಪ್ಪಿಸುವ ದಿನ ಪಟ್ಟಿ ಹಿಡಿದು ಒಂದೊಂದೇ ಎಣಿಸಿ ಕೊಟ್ಟು, ಅಲ್ಲಿಯೇ ದಾಖಲೆ ಸಂಖ್ಯೆ ಬರೆಸಿಕೊಂಡು ಬನ್ನಿ.